ಮೂವತ್ತೈದು ಮಿಲಿಮೀಟರ್ ವಿನಯ

ದುಡ್ಡು ಕೊಟ್ಟು ಎತ್ತರವಾಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಿಮ್ಮಡಿ ಎತ್ತರದ ಚಪ್ಪಲಿ ಕೊಳ್ಳುತ್ತಾರೆ, ಇದ್ದ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸುತ್ತಾರೆ, ಪಕ್ಕದ ಮನೆಯವನ ಕಾರಿಗಿಂತ ಗೇಣು ಎತ್ತರದ ಕಾರು ತಂದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ದುಡ್ಡು ಕೊಟ್ಟು ಗಿಡ್ಡಾಗುವ ಆಸೆಯನ್ನು ನಾನು ಮೊದಲು ಕಂಡದ್ದು ನನ್ನ ಅಕ್ಕನ ಮಗನಲ್ಲಿ. ಗಿಡ್ಡಾಗಬೇಕಿದ್ದದ್ದು ಅವನಲ್ಲ, ಅವನ ಕಾರು.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಗೋವಾದ ವೆರ್ಣಾದಲ್ಲಿ ಕೆಲಸ ಹಿಡಿದ ಈ ಹುಡುಗ, ಸಂಬಳಕ್ಕೆ ಸಾಲ ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಕೊಂಡ. ಆರ್‌ಸಿ ಪ್ರಕಾರ ಅದು ಐದು ಜನ ಕೂರುವ ಸಣ್ಣ ಕಾರು. ಅವನ ಪ್ರಕಾರ ಸ್ಪೋರ್ಟ್ಸ್ ಕಾರು. 1.2 ಲೀಟರಿನ ಟರ್ಬೊ ಎಂಜಿನ್, 105 ಕುದುರೆ ಬಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕುದುರೆ ಸರಿಯಪ್ಪ, ಲಾಯ ಯಾಕೆ ತಗ್ಗಿಸಬೇಕು ಎಂದೆ.

“ಮಾಮಾ, ಗಾಡಿ ತಗ್ಗಿದಷ್ಟು ಅದರ ಭಾರದ ಕೇಂದ್ರ ತಗ್ಗತದ. ತಿರುವಿನ್ಯಾಗ ವಾಲೂದು ಕಡಿಮಿ ಆಗ್ತದ. ಫೋರ್ಡ್ ಜಿಟಿ-40 ಅಂತ ಒಂದು ರೇಸ್ ಕಾರಿತ್ತು. ಎತ್ತರ ಬರೇ 40 ಇಂಚು, ಅದಕ್ಕಽ ಆ ಹೆಸರು. 1966ರಿಂದ 69ರ ತನಕ ನಾಕೂ ವರ್ಷ ಲೆ ಮಾನ್ಸ್ ಗೆದ್ದದ.”

ಗಿಡ್ಡ ಕಾರಿನ ಚರಿತ್ರೆ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗೋವಾದಲ್ಲೇ ಒಂದು ಸ್ಪೋರ್ಟ್ಸ್ ಕಾರು ತಯಾರಾಗಿತ್ತು, ಸ್ಯಾನ್ ಸ್ಟಾರ್ಮ್ ಎಂದು. ಎರಡೇ ಬಾಗಿಲು, ಎರಡೇ ಸೀಟು, ಫೈಬರ್ ಗ್ಲಾಸಿನ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್, 60 ಕುದುರೆ. ಹುಟ್ಟುವಾಗಲೇ ಗಿಡ್ಡಾಗಿ ಹುಟ್ಟಿದ್ದರಿಂದ ಅದಕ್ಕೆ ಯಾರೂ ಪಾನಾ ಹಿಡಿಯಬೇಕಾಗಿರಲಿಲ್ಲ. ನಮ್ಮ ಹುಡುಗನ ಕಾರಿನ ಕಷ್ಟ ಬೇರೆ. ಭಾರತದ ರಸ್ತೆ ನೋಡಿ ಹೆದರಿದ ಅದರ ಜರ್ಮನ್ ತಯಾರಕರು ಅದನ್ನು ಎತ್ತರಿಸಿಯೇ ಮಾಡಿದ್ದರು. ಇವನು ಅದನ್ನು ಮತ್ತೆ ಜರ್ಮನಿಗೆ ಇಳಿಸಬೇಕೆಂದಿದ್ದ.

ಲೆಕ್ಕ ಹಾಕದೆ ಕೈ ಹಚ್ಚುವ ಹುಡುಗನಲ್ಲ. ಗ್ಯಾಸ್ ಸಿಲಿಂಡರಿನ ರಸೀದಿಯ ಹಿಂದೆ ಬರೆದು ತೋರಿಸಿದ. ಕಾರಿನ ಹೊಟ್ಟೆಗೂ ನೆಲಕ್ಕೂ ಈಗಿರುವ ಅಂತರ ಸುಮಾರು 165 ಮಿಲಿಮೀಟರ್. ಹೊಸ ಸ್ಪ್ರಿಂಗ್ ಅದರಲ್ಲಿ 35 ಕಳೆಯುತ್ತದೆ, ಉಳಿದದ್ದು 130. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅದರ ಬಾಗಿನ ತ್ರಿಜ್ಯ 17 ಮೀಟರ್. ಕಾರಿನ ಮುಂಗಾಲಿ ಹಿಂಗಾಲಿಗಳ ನಡುವೆ 2.46 ಮೀಟರ್. ಹಾಗಾದರೆ ಎರಡರ ಮಧ್ಯೆ ಹೊಟ್ಟೆಯ ಕೆಳಗೆ ಏಳುವ ಉಬ್ಬು ಬರೀ 45 ಮಿಲಿಮೀಟರ್. “ಇನ್ನೂ 85 ಉಳೀತು ನೋಡ್ರಿ ಮಾಮಾ!”

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮಲ್ಲಿ ಉಬ್ಬು ಕಟ್ಟುವವರು ಆ ಪುಸ್ತಕ ಓದಿ ಕಟ್ಟುವುದಿಲ್ಲ. ತಿರುವಿನಲ್ಲಿ ಯಾರೋ ಬೀಳುತ್ತಾರೆ, ಊರವರು ಸೇರುತ್ತಾರೆ, ಬೆಳಗಾಗುವುದರೊಳಗೆ ಉಳಿದ ಡಾಂಬರೆಲ್ಲ ಒಂದೇ ಕಡೆ ಸುರಿದಿರುತ್ತದೆ. ಗೋವಾದ ಹಳ್ಳಿಯ ದಾರಿಯಲ್ಲಿ ಇಗರ್ಜಿಗೊಂದು, ಗುಡಿಗೊಂದು, ಶಾಲೆಗೊಂದು, ಬಾರಿಗೊಂದು ಉಬ್ಬು ಸಿಗುತ್ತದೆ. ಸರ್ವಧರ್ಮ ಸಮನ್ವಯವನ್ನು ಕಾರಿನ ಹೊಟ್ಟೆಯಿಂದ ಅಳೆಯಬೇಕಿದ್ದರೆ ಇಲ್ಲಿಗೆ ಬರಬೇಕು.

ಹತ್ತಿರದ ಗ್ಯಾರೇಜಿನವನು ಸುಲಭ ದಾರಿ ಹೇಳಿದ್ದ: ಇದ್ದ ಸ್ಪ್ರಿಂಗಿನ ಒಂದು ಸುತ್ತು ಗ್ರೈಂಡರಿನಲ್ಲಿ ಕತ್ತರಿಸಿ ಒಗೆದರಾಯಿತು. ಅಳಿಯನಿಗೆ ಅದು ಗೋಹತ್ಯೆಗೆ ಸಮ. ಅವನು ಹೇಳಿದ್ದೂ ನಿಜ. ಕತ್ತರಿಸಿದ ಸ್ಪ್ರಿಂಗ್ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ, ಗಾಲಿ ಗುಂಡಿಗಿಳಿದಾಗ ಕಳಚಿಕೊಂಡರೂ ಕಳಚಿಕೊಂಡೀತು. ತಗ್ಗಿಸಲೆಂದೇ ಮಾಡಿದ ಸ್ಪ್ರಿಂಗು ಉದ್ದದಲ್ಲಿ ಕಡಿಮೆ, ಬಿಗುವಿನಲ್ಲಿ ಹೆಚ್ಚು. ಕುಸಿಯಲು ಜಾಗ ಕಡಿಮೆಯಾದಾಗ ಬೇಗ ಕುಸಿಯಬಾರದಲ್ಲ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಅದು ಎದುರೆಳೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಕಂಡುಕೊಂಡು, ಇನ್ನೊಬ್ಬರು ಕದ್ದಾರೆಂದು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದನಂತೆ. ನಮ್ಮ ಅಳಿಯ ಸ್ಪ್ರಿಂಗಿನ ವಿಷಯವನ್ನು ತನ್ನ ಅವ್ವನಿಂದ ಅದಕ್ಕಿಂತ ಭದ್ರವಾಗಿ ಮುಚ್ಚಿಟ್ಟಿದ್ದ.

ಕೆಲಸಕ್ಕೆ ಆರಿಸಿದ್ದು ವಾಸ್ಕೋದ ನಮ್ಮ ಮನೆಯ ಅಂಗಳ. ಗುಡ್ಡದ ಇಳಿಜಾರಿನ ಈ ಓಣಿಯಲ್ಲಿ ಜಾಕ್ ನಿಲ್ಲುವಷ್ಟು ಸಮತಟ್ಟಾದ ಸಿಮೆಂಟು ನೆಲ ಇರುವುದು ನಮ್ಮಲ್ಲೇ. ಸೆಗಣಿ ಸಾರಿಸಲಾಗದ ಆ ನೆಲವನ್ನು ನೀರು ಹಾಕಿ ತಿಕ್ಕಿ ಇಟ್ಟುಕೊಂಡಿದ್ದ ನನ್ನ ಹೆಂಡತಿ, ಗ್ರೀಸಿನ ಡಬ್ಬಿ ಕಂಡ ಕೂಡಲೇ ಹಳೆಯ ಚಾದರವೊಂದನ್ನು ತಂದು ಹಾಸಿದಳು. ಅದು ಹಳೆಯದಲ್ಲ, ನನ್ನದು ಎಂಬುದು ಆಮೇಲೆ ಗೊತ್ತಾಯಿತು.

ಪಕ್ಕದ ಮನೆಯ ಅಂಕಲ್ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಇಲ್ಲಿ ಅಂಥವರಿಗೆ ತಾರ್ವೋಟಿ ಎನ್ನುತ್ತಾರೆ. ತಮ್ಮ ಮುಂಗಟ್ಟೆಯಲ್ಲಿ ಕೂತು, “ಕಿತೆಂ ಜಾಲೆಂ ರೇ?” ಎಂದು ಕೇಳಿದರು. ಏನೂ ಕೆಟ್ಟಿಲ್ಲ, ಚೆನ್ನಾಗಿರುವ ಸ್ಪ್ರಿಂಗನ್ನೇ ಬಿಚ್ಚುತ್ತಿದ್ದೇವೆ ಎಂದಾಗ ಅವರು ಕುರ್ಚಿಯನ್ನು ನಮ್ಮ ಅಂಗಳಕ್ಕೇ ತಂದರು. ಇಂಥದ್ದನ್ನು ಗೋಡೆಯಾಚೆಯಿಂದ ನೋಡುವುದು ಅವರಿಗೆ ಸರಿಯೆನಿಸಲಿಲ್ಲ.

ಹಿಂದಿನ ಎರಡು ಸ್ಪ್ರಿಂಗುಗಳು ಸದ್ದಿಲ್ಲದೆ ಹೊರಬಂದವು. ಆ ಕಾರಿನಲ್ಲಿ ಹಿಂದುಗಡೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಬೋಲ್ಟ್ ಬಿಚ್ಚಿ ಅಚ್ಚನ್ನು ಕೆಳಗೆ ಬಿಟ್ಟರೆ ಸ್ಪ್ರಿಂಗು ಕೈಗೇ ಬರುತ್ತದೆ. ಅಳಿಯನ ಮುಖದಲ್ಲಿ ಲೆ ಮಾನ್ಸ್ ಗೆದ್ದ ಕಳೆ. ಮುಂದಿನದು ಹಾಗಲ್ಲ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ಜಾಗ ಉಳಿಸಲೆಂದು ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬದಲ್ಲಿ ಕೂಡಿಸಿಟ್ಟ. ಉಳಿಸಿದ ಜಾಗದ ಬೆಲೆಯನ್ನು ಬಿಚ್ಚುವವನು ಕೊಡಬೇಕು. ಬ್ರೇಕ್ ಪೈಪಿನ ಕೊಂಡಿ, ಎಬಿಎಸ್ ವೈರು, ಆ್ಯಂಟಿ-ರೋಲ್ ಬಾರಿನ ಲಿಂಕು ಎಲ್ಲ ಬಿಡಿಸಿದ ಮೇಲೂ ಕಂಬ ಜಪ್ಪಯ್ಯ ಎನ್ನಲಿಲ್ಲ. ವಾಸ್ಕೋದ ಉಪ್ಪುಗಾಳಿ ಅಷ್ಟು ವರ್ಷ ಬೋಲ್ಟನ್ನು ಹಬ್ಬಿಗೆ ಮದುವೆ ಮಾಡಿಸಿ ಇಟ್ಟಿತ್ತು. ಡಬ್ಲ್ಯೂಡಿ-40 ಸಿಂಪಡಿಸಿದೆವು. ಅಂಕಲ್ ಸುತ್ತಿಗೆಯಿಂದ ಪಕ್ಕದಲ್ಲಿ ಮೆಲ್ಲಗೆ ತಟ್ಟಿ ಚಹಾ ಕುಡಿಯಿರಿ ಎಂದರು. ಚಹಾ ಮುಗಿಯುವಷ್ಟರಲ್ಲಿ ಬೋಲ್ಟು ಕದಲಿತ್ತು.

ನಗು ನಿಂತದ್ದು ಸ್ಪ್ರಿಂಗ್ ಕಂಪ್ರೆಸರ್ ಹಾಕುವಾಗ. ಕೊಕ್ಕೆಗಳಿರುವ ಎರಡು ಉದ್ದನೆಯ ತಿರುಪು ಸಲಾಕೆ ಅದು. ಎದುರುಬದುರಾಗಿ ಕೂರಿಸಿ, ಒಮ್ಮೆ ಇದನ್ನು ಒಮ್ಮೆ ಅದನ್ನು ಸಮಸಮವಾಗಿ ಬಿಗಿದು ಸ್ಪ್ರಿಂಗನ್ನು ಅದುಮಬೇಕು. ಆಮೇಲೆಯೇ ಮೇಲಿನ ನಟ್ಟು. ಕಾರಿನ ಕಾಲುಭಾಗದ ಭಾರ ಹೊರುವ ಸ್ಪ್ರಿಂಗು ಆಗ ಮುದುಡಿ ಕೂತಿರುತ್ತದೆ. ಕೊಕ್ಕೆ ಜಾರಿದರೆ ಅದು ಹಾರುವುದು ಯಾರ ಮುಖಕ್ಕೆ ಎಂದು ಹೇಳಲಾಗದು. ಅಂಕಲ್ ನಮ್ಮನ್ನೆಲ್ಲ ಹಿಂದೆ ಸರಿಸಿ, ಜಾಕಿನ ಜೊತೆಗೆ ಸ್ಟ್ಯಾಂಡೂ ಇದೆಯೇ ಎಂದು ಬಗ್ಗಿ ನೋಡಿ, “ಬರೀ ಜಾಕನ್ನು ನಂಬಿದ ಯಾರೂ ನನ್ನ ಹಡಗಿನಲ್ಲಿ ಪಿಂಚಣಿ ತಗೊಂಡಿಲ್ಲ” ಎಂದರು. ಹುಡುಗ ಸಲಾಕೆಯ ನೇರಕ್ಕೆ ತಲೆ ತಾರದೆ, ಪಕ್ಕದಿಂದ ಕೂತು ಬಿಗಿದ. ಅವನು ಯಾವುದನ್ನೂ ಅಷ್ಟು ನಿಧಾನವಾಗಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆಗೆ ಕಾರು ನೆಲಕ್ಕಿಳಿಯಿತು, ಇಳಿಯುತ್ತಲೇ ಹೋಯಿತು, ಮುಂದುಗಡೆ ಇದ್ದ ಜಾಕಿನ ಮೇಲೆಯೇ ಕೂತಿತು. ಬೆಳಿಗ್ಗೆ ಸಲೀಸಾಗಿ ಒಳಹೋದ ಜಾಕು ಈಗ ಹೊರಬರಲೊಲ್ಲದು. ಯಶಸ್ಸಿನ ಮೊದಲ ಸಾಕ್ಷಿ ಅದೇ. ಗಾಲಿಯ ಕೆಳಗೆ ಹಲಗೆ ಕೊಟ್ಟು ಎತ್ತಿ ಜಾಕನ್ನು ಬಿಡಿಸಿದೆವು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕೊನೆಯ ಬಿಗಿ ಬಿಗಿಯುವುದು ಕಾರು ತನ್ನ ಕಾಲ ಮೇಲೆ ನಿಂತ ಬಳಿಕವೇ. ತೂಗುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಆ ಬೋಲ್ಟು ಮುಟ್ಟಲು ಕಾರಿನಡಿ ನುಸುಳಬೇಕು. ನುಸುಳಲು ಸ್ಥಳ ಇಲ್ಲದಂತೆ ಮಾಡಲಿಕ್ಕೇ ದಿನವೆಲ್ಲ ದುಡಿದದ್ದು. ಮತ್ತೆ ಹಲಗೆ ಬಂತು. ಮರುದಿನ ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಗಾಲಿಗಳ ವಾರೆ ತಿದ್ದಿಸಿ, ಹೆಡ್‌ಲೈಟಿನ ನೋಟವನ್ನೂ ಸರಿಪಡಿಸಿಕೊಂಡು ಬಂದ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ರೀತಿಯಲ್ಲಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆರ್‌ಸಿಯಲ್ಲಿ ಬಣ್ಣ, ಎಂಜಿನ್ ನಂಬರು, ಸೀಟಿನ ಲೆಕ್ಕ ಇದೆ, ಎತ್ತರ ಎಲ್ಲಿದೆ ಎಂಬುದು ಅಳಿಯನ ವಾದ. “ನಾಕು ಸ್ಪ್ರಿಂಗಂದ್ರ ಐದು ಸಾವಿರನೋ, ಇಪ್ಪತ್ತು ಸಾವಿರನೋ?” ಎಂದು ನನ್ನ ಹೆಂಡತಿ ಕೇಳಿದಳು. ಎಂಜಿನಿಯರಿಂಗ್ ಪದವಿಗೆ ಉತ್ತರ ಹೊಳೆಯಲಿಲ್ಲ.

ಈ ಜಗ್ಗಾಟ ಹೊಸದೇನಲ್ಲ. ಕಾರಿನ ಯಾವ ಭಾಗವೂ ಗಾಲಿಯ ರಿಮ್ಮಿನ ತಳಕ್ಕಿಂತ ಕೆಳಗಿರಬಾರದೆಂದು ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು. ರಾನ್ ಅಗಿರೆ ಎಂಬಾತ 1959ರಲ್ಲಿ ತನ್ನ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿದ. ಪೊಲೀಸರು ಕಂಡಾಗ ಏರುವುದು, ಹೋದ ಮೇಲೆ ಇಳಿಯುವುದು. ನಮ್ಮವನ ಬಳಿ ಅಂಥ ಸೌಕರ್ಯ ಇಲ್ಲ. ಅವನ ಕಾರು ಪೊಲೀಸರ ಮುಂದೆಯೂ ತಗ್ಗಿಯೇ ನಿಲ್ಲಬೇಕು. ಹಳೆಯ ಸ್ಪ್ರಿಂಗುಗಳನ್ನು ಒಗೆಯಬೇಡ, ಬೇಕಾದೀತು ಎಂದೆ. ಈಗ ಅವು ನಮ್ಮ ಅಡುಗೆಮನೆಯಲ್ಲಿವೆ. ಒಂದರ ಮೇಲೆ ನೀರಿನ ಹರವಿ ಕೂತಿದೆ. ಇಷ್ಟು ಭದ್ರವಾದ ಸಿಂಬಿ ಈವರೆಗೆ ಸಿಕ್ಕಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಆರ್‌ಟಿಓ ತಪಾಸಣೆ ಬಂದರೆ ಮೊದಲು ಹರವಿಯನ್ನು ಇಳಿಸಬೇಕು.

ತಗ್ಗಿದ ಕಾರು ನೋಡಲು ಚೆಂದವಿದೆ, ಸುಳ್ಳು ಹೇಳಬಾರದು. ಗಾಲಿಯ ಮೇಲೆ ನಾಲ್ಕು ಬೆರಳು ಹಿಡಿಸುತ್ತಿದ್ದ ಸಂದು ಈಗ ಎರಡು ಬೆರಳಿಗಿಳಿದಿದೆ. ಜುವಾರಿ ಸೇತುವೆಯ ಮೇಲೆ ಅದು ನೆಲ ಕಚ್ಚಿ ಓಡುತ್ತದೆ. ಸೇತುವೆ ಮುಗಿದು ಊರು ಸಿಕ್ಕಿದ ಮೇಲೆ ಶುರುವಾಗುತ್ತದೆ ನಿಜವಾದ ಪಯಣ. ಉಬ್ಬು ಬಂದಾಗ ಕಾರು ಗುಡಿಯ ಹೊಸ್ತಿಲಿಗೆ ಬಂದ ಭಕ್ತನಂತೆ ನಿಂತು, ಓರೆಯಾಗಿ, ಒಂದೊಂದೇ ಗಾಲಿ ಇಟ್ಟು ದಾಟುತ್ತದೆ. ಹಿಂದೆ ಕದಂಬ ಬಸ್ಸಿನ ಚಾಲಕ ತನ್ನ ಎತ್ತರದಿಂದ ಇದನ್ನೆಲ್ಲ ನೋಡುತ್ತಾನೆ. ನಾಲ್ಕು ಜನ ಕೂತ ದಿನ ಇನ್ನೂ ಪಜೀತಿ. “ಅತ್ತಿ, ನೀವು ಇಲ್ಲೆ ಇಳೀರಿ, ಹಂಪ್ ದಾಟಿದ ಮ್ಯಾಲ ಹತ್ರಿ” ಎಂದು ಅಳಿಯ ನನ್ನ ಹೆಂಡತಿಗೆ ಹೇಳುತ್ತಾನೆ. ದಿವಾಡಿ ದ್ವೀಪದ ಬೊಂದೇರಾ ಹಬ್ಬಕ್ಕೆ ಹೊರಟಾಗ, ಹಳೆ ಗೋವಾದ ಕಡವಿನ ಇಳಿಜಾರೂ ಫೆರಿಯ ಕಬ್ಬಿಣದ ಹಲಗೆಯೂ ಕೂಡುವ ಸಂದನ್ನು ನೋಡಿ ಕಾರನ್ನು ಈ ದಡದಲ್ಲೇ ಬಿಟ್ಟ. ನಡೆದು ಫೆರಿ ಹತ್ತಿದೆವು.

ಆದರೂ ನನ್ನ ತೀರ್ಪು ಅಳಿಯನ ಪರವಾಗಿಯೇ ಇದೆ. ಮೊದಲು ಈ ಹುಡುಗ ಉಬ್ಬನ್ನು ಹಾರಿಸುತ್ತಿದ್ದ, ಗುಂಡಿಗೆ ಹೆದರುತ್ತಿರಲಿಲ್ಲ, ಶಾಲೆಯ ಮುಂದೆ ಗೇರ್ ಏರಿಸುತ್ತಿದ್ದ. ಅಕ್ಕ ಬೈದರೂ ಪೊಲೀಸರು ಚೀಟಿ ಹರಿದರೂ ಇಳಿಯದ ವೇಗ ನಾಲ್ಕು ಸುರುಳಿ ಕಬ್ಬಿಣಕ್ಕೆ ಇಳಿದಿದೆ. ಈಗ ದಕ್ಷಿಣ ಗೋವಾದ ಉಬ್ಬುಗಳೆಲ್ಲ ಅವನಿಗೆ ಬಾಯಿಪಾಠ. ವೇಗಕ್ಕಾಗಿ ಗಿಡ್ಡಾದ ಕಾರು ಊರಿನಲ್ಲೇ ನಿಧಾನದ ಕಾರಾಗಿದೆ, ಅವನು ಊರಿನಲ್ಲೇ ಸಭ್ಯ ಚಾಲಕನಾಗಿದ್ದಾನೆ.

ಹಾಗಾಗಿ ರಜೆಗೆ ಗೋವಾಕ್ಕೆ ಬರುವ ನಿಮ್ಮಲ್ಲಿ ಒಂದು ಬಿನ್ನಹ. ಹಳ್ಳಿಯ ರಸ್ತೆಯ ಉಬ್ಬಿನ ಮುಂದೆ ಚಿಕ್ಕ ಕಾರೊಂದು ಓರೆಯಾಗಿ ನಿಂತಿದ್ದರೆ, ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೈಚೀಲ ಹಿಡಿದು ನಡೆದು ಹೋಗುತ್ತಿದ್ದರೆ, ದಯವಿಟ್ಟು ಹಾರ್ನ್ ಹೊಡೆಯಬೇಡಿ. ಅದು ಸ್ಪೋರ್ಟ್ಸ್ ಕಾರು. ಹೋಗಲು ಸ್ವಲ್ಪ ಹೊತ್ತು ಬೇಕು.