ಒಂದು ಕೋಟಿಗೆ ಒಂದು ಕಡಿಮೆ

ಹಳೆಯ ವಾಲ್ವ್ ರೇಡಿಯೊ ಒಂದನ್ನು ಒರೆಸಿ ನಡುಮನೆಯಲ್ಲಿ ಇಟ್ಟುಕೊಂಡವರಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಬಂದ ನೆಂಟರು ಅದರ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ, ಗುಂಡಿ ತಿರುಗಿಸಿ ನೋಡುತ್ತಾರೆ, "ಈಗಲೂ ಹಾಡತ್ತಾ?" ಅಂತ ಕೇಳುತ್ತಾರೆ. ಗ್ರಾಮಫೋನು ಇದ್ದರಂತೂ ಮನೆಯವರೆಲ್ಲ ಸಂಗೀತ ಬಲ್ಲವರೆಂದೇ ಲೆಕ್ಕ. ಹಳೆಯ ಸ್ಕೂಟರು, ಹಳೆಯ ಕ್ಯಾಮೆರಾ, ಅಜ್ಜನ ಗೋಡೆ ಗಡಿಯಾರ ಎಲ್ಲಕ್ಕೂ ಗೌರವ ಸಂದಿದೆ. ಹಳೆಯ ವಿಡಿಯೊ ಗೇಮ್ ಇಟ್ಟುಕೊಂಡವನಿಗೆ ಮಾತ್ರ ಈ ಸೌಲಭ್ಯವಿಲ್ಲ. ತಲೆ ನರೆತ ಗಂಡಸೊಬ್ಬ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ಕಂಟ್ರೋಲರುಗಳ ವೈರಿನ ಗಂಟು ಬಿಡಿಸುತ್ತಿದ್ದರೆ, ಬಂದವರು ಯಂತ್ರವನ್ನು ನೋಡುವುದಿಲ್ಲ. ಅವನ ಹೆಂಡತಿಯ ಮುಖ ನೋಡುತ್ತಾರೆ, ಕನಿಕರದಿಂದ.

ಈ ಯಂತ್ರಗಳು ಇವತ್ತಿಗೂ ಆಡಲು ಲಾಯಕ್ಕೋ ಅಲ್ಲವೋ ಎಂಬ ಚರ್ಚೆ ಜಗತ್ತಿನಲ್ಲೆಲ್ಲ ನಡೆದಿದೆ. ನಮ್ಮ ಪಾಲಿನ ಚರ್ಚೆಗೆ ಒಂದು ತೊಡಕಿದೆ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಕೆಂಪು-ಬಿಳಿ ಪೆಟ್ಟಿಗೆಯನ್ನು 14,800 ಯೆನ್ನಿಗೆ ಮಾರಲು ಇಟ್ಟಿತು. ಅದನ್ನು ರೂಪಿಸಿದವರು ಮಸಾಯುಕಿ ಉಎಮುರಾ ಎಂಬ ಎಂಜಿನಿಯರು. ಎರಡು ವರ್ಷದ ಮೇಲೆ ಅದೇ ಯಂತ್ರ ವೇಷ ಬದಲಿಸಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದದ್ದು ಬಹುಮಟ್ಟಿಗೆ ಇವೆರಡೂ ಅಲ್ಲ, ಇವುಗಳ ನಕಲು. ಅಸಲಿ ಹೇಗಿರುತ್ತದೆಂದು ನೋಡಿದವರೇ ಇಲ್ಲದ್ದರಿಂದ ನಕಲಿ ಎಂಬ ಕೊರಗೂ ನಮಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಸೋದರಮಾವನ ಮನೆಗೆ ಹೋಗಲು ಮಕ್ಕಳು ಹಟ ಹಿಡಿದರೆ, ಅದು ಮಾವನ ಮೇಲಿನ ಪ್ರೀತಿ ಎಂದು ತಾಯಂದಿರು ತಿಳಿಯುತ್ತಿದ್ದರು. ಮಾವನಿಗೆ ನಿಜ ಗೊತ್ತಿತ್ತು.

ಯಂತ್ರಕ್ಕಿಂತ ದೊಡ್ಡ ಪವಾಡ ಅದರ ಕ್ಯಾಸೆಟ್ಟಿನದು. ಹಳದಿ ಪ್ಲಾಸ್ಟಿಕ್ಕಿನ ಅಂಗೈಯಗಲದ ಬಿಲ್ಲೆ, ಅದರ ಮೇಲೆ ಬಣ್ಣದ ಚೀಟಿ, ಚೀಟಿಯಲ್ಲಿ '9999999 ಇನ್ 1' ಎಂಬ ಘೋಷಣೆ. ಒಂದು ಕೋಟಿಗೆ ಒಂದು ಕಡಿಮೆ! ಪೂರ್ತಿ ಕೋಟಿ ಎಂದರೆ ಗಿರಾಕಿ ನಂಬಲಿಕ್ಕಿಲ್ಲವೆಂದು ಯಾರೋ ಪ್ರಾಮಾಣಿಕರು ಒಂದನ್ನು ಕಳೆದಿರಬೇಕು. ಒಂದೊಂದು ಆಟಕ್ಕೆ ಒಂದೊಂದು ನಿಮಿಷ ಕೊಟ್ಟರೂ ಊಟ ನಿದ್ದೆ ಬಿಟ್ಟು 19 ವರ್ಷ ಆಡಬೇಕು. ಒಳಗೆ ಹೋಗಿ ನೋಡಿದರೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಮಾರಿಯೊ ಒಬ್ಬನೇ ಹತ್ತಾರು ಹೆಸರುಗಳಲ್ಲಿ, ಹತ್ತಾರು ಕಡೆಯಿಂದ ಹೊರಡುತ್ತಿದ್ದ. ಚುನಾವಣೆಯ ಮತದಾರರ ಪಟ್ಟಿಯ ಬಗ್ಗೆ ಆಮೇಲೆ ಏನೇ ಕೇಳಿದರೂ ನಮ್ಮ ತಲೆಮಾರಿಗೆ ಆಶ್ಚರ್ಯವಾಗದಿರುವುದಕ್ಕೆ ಈ ಪೂರ್ವಸಿದ್ಧತೆಯೇ ಕಾರಣ.

ಆ ಮಾರಿಯೊನ ವಿಷಯಕ್ಕೆ ಬರುತ್ತೇನೆ. 1985ರಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್' ಆಟ ಇಡಿಯಾಗಿ ಹಿಡಿಯುವ ಜಾಗ 40 ಕಿಲೊಬೈಟ್. ನೀವು ಓದುತ್ತಿರುವ ಈ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಜಾಗ ತಿನ್ನುತ್ತದೆ, ಏಕೆಂದರೆ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಕೊಂಬು-ದೀರ್ಘಕ್ಕೆ ಮೂರು ಮೂರು ಬೈಟ್ ಬೇಕು. ಆಟ ಮಾಡಿದವರು ಅಷ್ಟರಲ್ಲೇ ಎಂಟು ಲೋಕ, 32 ಹಂತ, ಅಣಬೆ, ಆಮೆ, ನೀರೊಳಗಿನ ಮೀನು, ಕೋಟೆಯ ರಾಕ್ಷಸ, ಎಲ್ಲಕ್ಕೂ ಹಿನ್ನೆಲೆ ಸಂಗೀತ ಎಲ್ಲ ತುಂಬಿದರು. ನಾನಿನ್ನೂ ಪೀಠಿಕೆಯಲ್ಲೇ ಇದ್ದೇನೆ. ಆ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮೂವತ್ತು ವರ್ಷ ಅದರ ಕೆಳಗೆ ಓಡಾಡಿದವರಿಗೂ ಯಾರಾದರೂ ತೋರಿಸಿಕೊಡುವ ತನಕ ಇದು ಹೊಳೆಯುವುದಿಲ್ಲ. ಯಂತ್ರದ ಕೆಲಸದ ಸ್ಮೃತಿಯಂತೂ ಬರೀ 2 ಕಿಲೊಬೈಟ್. ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬೊಂಬೆಚೂರುಗಳು ಸಾಲುಗಟ್ಟಿದರೆ ಒಂಬತ್ತನೆಯದನ್ನು ತೋರಿಸಲು ಅದಕ್ಕೆ ಆಗದು. ಅದಕ್ಕೇ ವೈರಿಗಳು ಗುಂಪಾಗಿ ಬಂದಾಗ ಮಿಣಮಿಣ ಎಂದು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದುದು. ವೈರಿಗಳಿಗೆ ಮಂತ್ರಶಕ್ತಿ ಇದೆ ಎಂದು ನಮ್ಮ ಬೀದಿಯಲ್ಲಿ ಅಭಿಪ್ರಾಯವಿತ್ತು.

ಅಕ್ಕನ ಮಗ ಕಾಲೇಜು ರಜೆಗೆ ಬಂದಿದ್ದ. ಅವನು ಆಡುವ ಆಟಗಳು ನೂರು ಜಿಬಿಯವು. ನನ್ನ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಮಾಮ, ಇದರೊಳಗೆ ಏನೂ ಇಲ್ಲ ಅನ್ಸತ್ತೆ" ಎಂದ. ಸ್ವಿಚ್ ಒತ್ತಿದೆ. ಆಟ ಶುರುವಾಯಿತು.

"ಲೋಡಿಂಗ್?"

"ಇಲ್ಲ ಕಣೋ."

"ಅಪ್‌ಡೇಟು? ಲಾಗಿನ್ನು?"

"ಯಾವುದೂ ಇಲ್ಲ."

"ಸೇವ್ ಎಲ್ಲಿ ಮಾಡೋದು?"

"ಅದೂ ಇಲ್ಲ."

ಮೊದಲ ಉತ್ತರಗಳಿಗೆ ಅರಳಿದ ಮುಖ ಕೊನೆಯದಕ್ಕೆ ಸಪ್ಪಗಾಯಿತು. ಎಂಟನೆಯ ಲೋಕದ ಬಾಗಿಲಲ್ಲಿ ಕರೆಂಟು ಹೋದರೆ ಮತ್ತೆ ಒಂದನೆಯ ಲೋಕದಿಂದ ಹೊರಡಬೇಕೆಂಬುದನ್ನು ಅವನು ಮಾನವ ಹಕ್ಕುಗಳ ಪ್ರಶ್ನೆಯಾಗಿ ನೋಡಿದ. ಅವನ ಮಾತಿನಲ್ಲಿ ಹುರುಳಿದೆ. ಆ ಕಾಲದ ಅನೇಕ ಆಟಗಳು ಚಿಕ್ಕವು. ಕೊಟ್ಟ ಕಾಸಿಗೆ ಬೇಗ ಮುಗಿದುಹೋಗಬಾರದೆಂದು ಅವನ್ನು ಕಡುಕಷ್ಟ ಮಾಡಿಟ್ಟಿದ್ದರು. ಕಷ್ಟ ಎಷ್ಟೆಂದರೆ, ಕೊನಾಮಿ ಕಂಪನಿಯ ಕಾಜುಹಿಸಾ ಹಶಿಮೊಟೊ 'ಗ್ರೇಡಿಯಸ್' ಆಟವನ್ನು ಫ್ಯಾಮಿಕಾಮಿಗೆ ಇಳಿಸುತ್ತಿದ್ದಾಗ ಅದನ್ನು ಪರೀಕ್ಷಿಸಿ ನೋಡುವಷ್ಟು ದೂರ ಅವರಿಂದಲೇ ಆಡಲಾಗಲಿಲ್ಲ. ಅದಕ್ಕೆ ತಮ್ಮ ಅನುಕೂಲಕ್ಕೊಂದು ಕಳ್ಳದಾರಿ ಇಟ್ಟುಕೊಂಡರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. 1986ರಲ್ಲಿ ಆಟ ಹೊರಬಿದ್ದಾಗ ಅದೂ ಒಳಗೇ ಉಳಿದಿತ್ತು. ಎರಡು ವರ್ಷದ ಮೇಲೆ ಎನ್‌ಇಎಸ್‌ಗೆ ಬಂದ 'ಕಾಂಟ್ರಾ'ದಲ್ಲಿ ಅದೇ ಮಂತ್ರಕ್ಕೆ 30 ಜೀವಗಳು ಸಿಗುತ್ತಿದ್ದವು. ಶಾಲೆಯಲ್ಲಿ ಹದಿನೇಳರ ಮಗ್ಗಿಯ ಹತ್ತಿರ ಸುಳಿಯದ ಹುಡುಗರು ಇದನ್ನು ನಿದ್ದೆಯಲ್ಲಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು.

ಇನ್ನು ಊದುವುದು. ಆಟ ಬರದಿದ್ದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಬಾಯಿಟ್ಟು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವ ಕ್ರಿಯೆ. ಇದನ್ನು ಕ್ಯೋಟೊದ ಹುಡುಗನೂ ಮಾಡಿದ್ದಾನೆ, ಚಿಕಾಗೊದ ಹುಡುಗನೂ ಮಾಡಿದ್ದಾನೆ, ಚಿಕ್ಕಮಗಳೂರಿನವನೂ ಮಾಡಿದ್ದಾನೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಊದುವುದರಿಂದ ಗುಣ ಏನೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಕಿತ್ತು ಮತ್ತೆ ಕೂರಿಸಿದಾಗ ತಾಮ್ರದ ಪಟ್ಟಿಗಳು ಸರಿಯಾಗಿ ತಾಗುವುದೇ ಕಾರಣ, ಉಸಿರಿನ ತೇವದಿಂದ ಆ ಪಟ್ಟಿಗಳು ಕಿಲುಬು ಹಿಡಿಯುವುದೇ ಹೆಚ್ಚು. ನಿಂಟೆಂಡೊ ಕೂಡ ಊದಬೇಡಿ ಎಂದು ಹೇಳಿತ್ತು. ಸರಿ, ಈಗ ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಒರೆಸುತ್ತೇನೆ. ಒರೆಸಿ ಸಿಕ್ಕಿಸುವ ಮುಂಚೆ ಒಮ್ಮೆ ಊದುತ್ತೇನೆ.

ಯಾವುದು ತಾಳಿತು, ಯಾವುದು ತಾಳಲಿಲ್ಲ ಎಂದು ನೋಡಹೊರಟರೆ ಒಂದು ವಿಚಿತ್ರ ಕಾಣುತ್ತದೆ. ಎಷ್ಟು ಹಳೆಯದೋ ಅಷ್ಟು ಸವೆದಿರಬೇಕಲ್ಲವೇ? ಹಾಗಿಲ್ಲ. ಮಾರಿಯೊಗಿಂತ ಒಂಬತ್ತು ವರ್ಷ ಚಿಕ್ಕವು, 1994ರ ಕೊನೆಗೆ ಬಂದ ಮೊದಲ ಪ್ಲೇಸ್ಟೇಷನ್ನಿನ ಆಟಗಳು. ಮೂರು ಆಯಾಮ, ನಿಜದಂಥ ಮನುಷ್ಯರು ಎಂದು ಕಣ್ಣರಳಿಸಿದ್ದೆವು. ಈಗ ನೋಡಿದರೆ ಆ ಮನುಷ್ಯರ ಮೂಗು ಮೂಲೆಮಟ್ಟ, ಕೈಯಲ್ಲಿ ಬೆರಳಿಲ್ಲ, ನಡೆದರೆ ನೆಲದ ಹಾಸುಗಲ್ಲುಗಳು ನೀರಿನಲ್ಲಿ ಬಿದ್ದಂತೆ ಅಲುಗಾಡುತ್ತವೆ. ದೂರ-ಹತ್ತಿರದ ಲೆಕ್ಕವನ್ನು ಸರಿಯಾಗಿ ಮಾಡುವ ತಾಕತ್ತು ಆ ಯಂತ್ರಕ್ಕಿರಲಿಲ್ಲ. ಮಾರಿಯೊ ಮಾತ್ರ ಹಾಗೇ ಇದ್ದಾನೆ. ಮುಖದಲ್ಲಿ ಬಾಯಿ ಬರೆಯಲು ಚುಕ್ಕೆ ಸಾಲದೆ ಮೀಸೆ, ಕೂದಲು ಬರೆಯಲು ಬಾರದೆ ಟೋಪಿ ಇಟ್ಟ ಬೊಂಬೆ ಅದು. ಮನುಷ್ಯನಂತೆ ಕಾಣುತ್ತೇನೆಂದು ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ನಮ್ಮ ತೊಗಲುಗೊಂಬೆಯ ರಾವಣನಿಗೆ ವಯಸ್ಸಾಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಅರವತ್ತರ ದಶಕದ ಪೌರಾಣಿಕ ಚಿತ್ರದಲ್ಲಿ ದಾರ ಕಾಣುವ ಹಾಗೆ ಹಾರುವ ಪುಷ್ಪಕವಿಮಾನಕ್ಕೆ ಮಾತ್ರ ನಗುತ್ತೇವೆ. ನಿಜವನ್ನು ಅನುಕರಿಸಲು ಹೊರಟದ್ದು ಬೇಗ ಮುದಿಯಾಯಿತು ಎಂಬುದೇ ಈ ವಿಷಯದಲ್ಲಿ ನನಗಿರುವ ಏಕೈಕ ಗಟ್ಟಿ ಅಭಿಪ್ರಾಯ. ಉಳಿದವು ಕಾಫಿ ಕುಡಿದರೆ ಬದಲಾಗುತ್ತವೆ.

ಇದನ್ನು ಮೊದಲೇ ಅರಿತಿದ್ದ ಮನುಷ್ಯನೊಬ್ಬನಿದ್ದ, ನಿಂಟೆಂಡೊದ ಗುನ್‌ಪೇ ಯೊಕೊಯ್. ಹೊಚ್ಚ ಹೊಸ ತಂತ್ರಜ್ಞಾನದ ಬೆನ್ನು ಹತ್ತಬೇಡಿ, ಎಲ್ಲರೂ ಬಳಸಿ ಅಗ್ಗವಾದದ್ದನ್ನು ಹೊಸ ರೀತಿಯಲ್ಲಿ ಬಳಸಿ ಎಂಬುದು ಅವನ ನಂಬಿಕೆ. 1989ರ ಗೇಮ್ ಬಾಯ್ ಅವನ ತಂಡದ ಕೂಸು. ಬಣ್ಣವಿಲ್ಲ, ಹಿಂಬೆಳಕಿಲ್ಲ, ಕೆರೆಯ ಪಾಚಿ ಬಣ್ಣದ ಪುಟ್ಟ ಪರದೆ, ನಾಲ್ಕು ಪೆನ್ಸಿಲ್ ಸೆಲ್ಲು. ಪ್ರತಿಸ್ಪರ್ಧಿ ಸೇಗಾದ ಗೇಮ್ ಗಿಯರ್‌ಗೆ ಬಣ್ಣವೂ ಬೆಳಕೂ ಇತ್ತು, ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿ ನೀರು ಕುಡಿಯುತ್ತಿತ್ತು. ಗೆದ್ದದ್ದು ಗೇಮ್ ಬಾಯ್. ಕೊಲ್ಲಿ ಯುದ್ಧದಲ್ಲಿ ಸುಟ್ಟು ಹೊರಮೈ ಕರಗಿದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ವರ್ಷಗಟ್ಟಲೆ 'ಟೆಟ್ರಿಸ್' ಆಡಿಸುತ್ತಾ ನಿಂತಿತ್ತು. ನನ್ನ ಈಗಿನ ಫೋನು ಸೋಫಾದಿಂದ ಚಾಪೆಗೆ ಬಿದ್ದರೆ ಮುಗಿಯಿತು.

ಟೆಟ್ರಿಸ್ ಎಂದಾಗ ನೆನಪಾಯಿತು. 1989ರ ಎನ್‌ಇಎಸ್ ಟೆಟ್ರಿಸ್‌ಗೆ ಕೊನೆಯೆಂಬುದಿಲ್ಲ, ಬೀಳುವ ಇಟ್ಟಿಗೆಗೆ ಮನುಷ್ಯ ಸೋಲುವುದೇ ಕೊನೆ ಎಂದುಕೊಂಡಿದ್ದರು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೆಯ ಹಂತ ಮುಟ್ಟಿದ. ಯಂತ್ರಕ್ಕೆ ಮುಂದೇನು ಮಾಡಬೇಕೋ ತಿಳಿಯದೆ ಅದು ಸ್ತಬ್ಧವಾಯಿತು. ಅವನಿಗಿಂತ ಎಷ್ಟೋ ಹಿರಿಯ ಆಟ. ಇದನ್ನು ಅಳಿಯನಿಗೆ ಹೇಳಿದೆ. ಅವನು ಒಂದನೆಯ ಲೋಕದ ಎರಡನೆಯ ಹಂತದಲ್ಲಿ ಕೊನೆಯ ಜೀವ ಕಳೆದುಕೊಳ್ಳುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಯಂತ್ರಗಳಿಗೆ ಕಾಯಿಲೆ ಇಲ್ಲವೆಂದಲ್ಲ. ಆಟ ಉಳಿಸಿಡುವ ಸೌಕರ್ಯವಿದ್ದ ಕ್ಯಾಸೆಟ್ಟುಗಳಲ್ಲಿ ಗುಂಡಿಯಂಥ ಸೆಲ್ಲೊಂದಿರುತ್ತದೆ. ಅದು ಸತ್ತರೆ ಗೆದ್ದ ರಾಜ್ಯವೆಲ್ಲ ಹೋಯಿತು. ಡಿಸ್ಕ್ ಓದುವ ಯಂತ್ರಗಳ ಲೇಸರು ಮಂಜಾಗುತ್ತದೆ, ಕೆಪ್ಯಾಸಿಟರು ಸೋರುತ್ತದೆ. ನಕಲಿ ಯಂತ್ರದಲ್ಲಿ ಚಿಪ್ಪಿನ ಜಾಗದಲ್ಲಿ ಕರಿಯ ಅಂಟಿನ ಗುಪ್ಪೆ. ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿಯವನು ಅದನ್ನು ನೋಡಿ, "ಇದು ಹೋಗಿದ್ರೆ ಹೋಯ್ತು ಸಾರ್, ಬರ್ದಿಟ್ಕೊಳ್ಳಿ" ಎಂದ. ಹೋಗಿರಲಿಲ್ಲ, ಅಡಾಪ್ಟರಿನ ವೈರು ಕಡಿದಿತ್ತಷ್ಟೆ. ಇಪ್ಪತ್ತು ವರ್ಷದ ಮೇಲೆ ಅಳಿಯನ ನೂರು ಜಿಬಿಯ ಆಟಕ್ಕೆ ಯಾರು ಸ್ಪಿರಿಟ್ ಒರೆಸುತ್ತಾರೋ ನೋಡಬೇಕು. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನದೇ ಎರಡು ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಕೊಳ್ಳುವ ದಾರಿಯೇ ತಪ್ಪಿತು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ಲೆಕ್ಕ ಹಾಕಿತು. ಕಳ್ಳಮಾಲಿನ ಹಳದಿ ಕ್ಯಾಸೆಟ್ಟು ತನಗರಿಯದೆ ಪುಣ್ಯದ ಕೆಲಸ ಮಾಡಿದೆ ಎನ್ನಬೇಕು. ಪ್ಲೇಸ್ಟೇಷನ್ 2ಕ್ಕೆ 2009ರಲ್ಲಿ ನಮ್ಮ ದೇಶದಲ್ಲೇ ತಯಾರಾದ 'ದೇಸಿ ಅಡ್ಡಾ' ಎಂಬ ಆಟ ಬಂದಿತ್ತು, ಕಬಡ್ಡಿಯೂ ಚಿನ್ನಿದಾಂಡೂ ಅದರಲ್ಲಿದ್ದವು. ಅದನ್ನು ಹುಡುಕುತ್ತಿದ್ದೇನೆ. ಚಿನ್ನಿದಾಂಡು ಆಡಲು ಕಿಟಕಿಯಾಚೆ ಬಯಲಿತ್ತಲ್ಲ ಎಂದು ಕೇಳಬೇಡಿ, ಅಲ್ಲೀಗ ಅಪಾರ್ಟ್‌ಮೆಂಟು.

ನಿಜವಾಗಿ ಕೈಕೊಟ್ಟದ್ದು ಟಿವಿ. ಗೋಡೆಗೆ ನೇತುಹಾಕಿದ ಚಪ್ಪಟೆ ಟಿವಿಯಲ್ಲಿ ಹಳದಿ ಪಿನ್ನಿನ ತೂತು ಹುಡುಕಲು ಟಾರ್ಚು ಬೇಕಾಯಿತು. ಚಿತ್ರ ಬಂತು, ಆದರೆ ಪಿಕ್ಚರ್ ಟ್ಯೂಬು ಹದವಾಗಿ ಬೆರೆಸುತ್ತಿದ್ದ ಚುಕ್ಕೆಗಳು ಇಲ್ಲಿ ಒಂದೊಂದೂ ಬೇರೆ ಬೇರೆ ಸೈಟಿನಂತೆ ಎದ್ದು ಕಂಡವು. ಗುಂಡಿ ಒತ್ತಿದ ಒಂದು ಗಳಿಗೆಯ ಮೇಲೆ ಮಾರಿಯೊ ಹಾರುತ್ತಿದ್ದ, ಹೊಂಡಕ್ಕೆ ಬಿದ್ದ ಮೇಲೆ. ಬಾತುಕೋಳಿ ಬೇಟೆಯ 'ಡಕ್ ಹಂಟ್' ಆಟದ ಪಿಸ್ತೂಲು ಪೂರ್ತಿ ಮುಷ್ಕರ ಹೂಡಿತು. ಆ ಪಿಸ್ತೂಲಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದಕ್ಕಿರುವುದು ನೋಡುವ ಕಣ್ಣು. ಕುದುರೆ ಎಳೆದೊಡನೆ ಯಂತ್ರವು ಕಣ್ಣು ಮಿಟುಕಿಸುವುದರೊಳಗೆ ಪರದೆಯನ್ನು ಕಪ್ಪಾಗಿಸಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ತೋರಿಸುತ್ತದೆ. ಪಿಸ್ತೂಲಿನ ಕಣ್ಣಿಗೆ ಆ ಬಿಳುಪು ಬಿದ್ದರೆ ಗುರಿ ಮುಟ್ಟಿತೆಂದು ಲೆಕ್ಕ. ಹೊಸ ಟಿವಿಯಲ್ಲಿ ಆ ಚೌಕ ತಡವಾಗಿ ಬರುತ್ತದೆ, ಹಳೆಯ ಟ್ಯೂಬಿನ ಮಿನುಗೂ ಇಲ್ಲ. ಹಾಗಾಗಿ ನಮ್ಮ ಮನೆಯ ಬಾತುಕೋಳಿಗಳೆಲ್ಲ ಚಿರಂಜೀವಿಗಳಾದವು. ಗುರಿ ತಪ್ಪಿದಾಗಲೆಲ್ಲ ಪೊದೆಯಿಂದೆದ್ದು ನಗುವ ನಾಯಿಯ ನಗು ಮಾತ್ರ ಸ್ವಲ್ಪವೂ ಹಳತಾಗಿರಲಿಲ್ಲ.

ಡಬ್ಬಾ ಟಿವಿ ಹುಡುಕಿಕೊಂಡು ಗುಜರಿಗೆ ಹೋದೆವು. ಹಿಂದಿನ ವರ್ಷ ನಮ್ಮ ಟಿವಿಯನ್ನು "ಇದನ್ನ ಒಯ್ಯೋಕೆ ನೀವೇ ದುಡ್ಡು ಕೊಡ್ಬೇಕು" ಎಂದು ಮೂಗು ಮುರಿದಿದ್ದ ಅದೇ ಮಹಾಶಯ ನಮ್ಮ ಆಸೆ ಕಂಡೊಡನೆ, "ಇಂಥ ಪೀಸು ಈಗೆಲ್ಲಿ ಸಾರ್, ಫಾರಿನ್ನಿನಲ್ಲಿ ಕೇಳ್ತಾರೆ" ಎಂದ. ಅವನಿಗೆ ಯಾರು ಹೇಳಿದರೋ, ಮಾತು ನಿಜ: ಹಳೆಯ ಆಟ ಆಡುವವರು ಹೊರದೇಶಗಳಲ್ಲಿ ಟ್ಯೂಬಿನ ಟಿವಿಗೆ ಒಳ್ಳೆಯ ಬೆಲೆ ಕೊಡುತ್ತಾರೆ. ಚೌಕಾಸಿ ಮಾಡಿ ಆಟೊದಲ್ಲಿ ತಂದದ್ದಾಯಿತು. ಅಳಿಯ ಮೊದಲ ಸಂಜೆ ಕೂತಲ್ಲೇ ಬಾತುಕೋಳಿಗಳ ವಂಶ ನಿರ್ಮೂಲ ಮಾಡಿದ.

ಅಮ್ಮ ಹಿಂದೆ ಕೂತು ನೋಡುತ್ತಿದ್ದಳು. ಗೋಡೆಯ ಟಿವಿಯಲ್ಲಿ ಮುಖಗಳೆಲ್ಲ ಅಗಲವಾಗಿ ಕಾಣುತ್ತವೆ, ಇದರಲ್ಲಿ ಮನುಷ್ಯರು ಮನುಷ್ಯರ ಹಾಗಿದ್ದಾರೆ, ನನ್ನ ಸೆಟ್‌ಟಾಪ್ ಬಾಕ್ಸನ್ನು ಇದಕ್ಕೇ ಸೇರಿಸಿ ಎಂದಳು. ಸೇರಿಸಿದೆವು. ಈಗ ಸಂಜೆ ಆರರಿಂದ ಹತ್ತರವರೆಗೆ ಆ ಟಿವಿ ನಮಗೆ ಸಿಗುವುದಿಲ್ಲ. ಅಳಿಯ ಪಿಸ್ತೂಲು ಹಿಡಿದುಕೊಂಡು ಪಕ್ಕದಲ್ಲಿ ಸುಳಿದಾಡಿದರೆ, "ನಿನ್ನ ಬಾತುಕೋಳಿ ಎಲ್ಲೂ ಓಡಿಹೋಗಲ್ಲ ಪುಟ್ಟ, ಈ ಧಾರಾವಾಹಿ ಒಂದು ಮುಗೀಲಿ ಇರು" ಎನ್ನುತ್ತಾಳೆ. ಧಾರಾವಾಹಿಯ ಸಾವಿರದ ಇನ್ನೂರನೆಯ ಕಂತು ನಡೆಯುತ್ತಿದೆ.