ಪಾಲುಪಟ್ಟಿ ಪಾಠ

ಆಸ್ತಿ ಪಾಲಾಗುವುದನ್ನು ಕಣ್ಣಾರೆ ಕಂಡವರಿಗೆ ಕೋಶ ವಿಭಜನೆ ತಾನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ನಾನು ಓದಿದ್ದು ಬಿಕಾಂ. ಸಿದ್ಧಾಂತಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಮೈಟಾಸಿಸ್ ಬಗ್ಗೆ 1882ರಲ್ಲಿ ಪುಸ್ತಕ ಬರೆಯಲು ಸಲಮಾಂಡರ್ ಮರಿಗಳ ಕೋಶಕ್ಕೆ ಬಣ್ಣ ಹಾಕಿ ನೋಡಬೇಕಾಯಿತು. ನನಗೆ ತಮ್ಮನೊಬ್ಬನೇ ಸಾಕಾದ.

"ನೋಡು ಪುಟ್ಟಿ, ಕೋಶ ಎರಡಾಗುವ ಮೊದಲು ತನ್ನ 46 ವರ್ಣತಂತುಗಳನ್ನೂ ನಕಲು ಮಾಡಿಕೊಳ್ಳುತ್ತೆ. ಇಬ್ಬರಿಗೂ ಪೂರ್ತಿ ಆಸ್ತಿ, ಜಗಳವೇ ಇಲ್ಲ." 600 ಕೋಟಿಗೂ ಮಿಕ್ಕ ಅಕ್ಷರಜೋಡಿಗಳ ಆ ನಕಲು ಎಂಟು ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ನಮ್ಮ ಪಹಣಿ ನಕಲಿಗೆ ಒಂದು ಮಳೆಗಾಲವೇ ಹಿಡಿಯಿತು. ಕೋಶದಲ್ಲಿ ತಪ್ಪಿದ ಅಕ್ಷರವನ್ನು ಅಲ್ಲಲ್ಲೇ ತಿದ್ದುವ ಕಿಣ್ವಗಳಿವೆ. ಪಹಣಿಯಲ್ಲಿ ನಮ್ಮ ತಾತ ಇವತ್ತಿಗೂ ಹೆಂಗಸು.

ಆಮೇಲೆ ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುತ್ತವೆ. ಎರಡೂ ತುದಿಯಿಂದ ಕದಿರೆಳೆಗಳು ಬಂದು ಹಿಡಿದುಕೊಳ್ಳುತ್ತವೆ. ಒಂದೇ ಒಂದು ವರ್ಣತಂತುವಿಗೆ ಎಳೆ ಸರಿಯಾಗಿ ತಗುಲದಿದ್ದರೂ ಮುಂದಿನ ಕೆಲಸ ನಿಂತುಬಿಡುತ್ತದೆ.

"ಅತ್ತೆ ಸಹಿ ಹಾಕದೆ ನಮ್ದು ನಿಂತಿದೆಯಲ್ಲ, ಹಂಗಾ?" ಎಂದಳು ಮಗಳು. ನನಗಿಂತ ಬೇಗ ಕಲಿಯುತ್ತಾಳೆ. ಅಕ್ಕನದೂ ತಪ್ಪಿಲ್ಲ ಬಿಡಿ, ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯನ್ನು ಅವಳು ಬಾಯಿಪಾಠ ಮಾಡಿದ್ದಾಳೆ.

ಪ್ರಾಣಿಕೋಶವಾದರೆ ನಡು ಹಿಸುಕಿಕೊಂಡು ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿ ಇರುವುದರಿಂದ ಅದು ಮಧ್ಯದಲ್ಲೊಂದು ಹೊಸ ಗೋಡೆ ಎಬ್ಬಿಸುತ್ತದೆ. ಪ್ರಾಣಿಗಳಾದರೂ ನಾವು ಸಸ್ಯದ ದಾರಿಯನ್ನೇ ಹಿಡಿದೆವು: ಹಜಾರದ ನಟ್ಟನಡುವೆ, ಪಾಲುಪಟ್ಟಿಗೂ ಮುಂಚೆಯೇ.

ಅಷ್ಟು ಹೊತ್ತೂ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ತಲೆಯೆತ್ತಿದಳು. "ಎಲ್ಲಾ ಎರಡೆರಡಾಯ್ತು, ಸರಿ. ಆ ತಾಯಿಕೋಶ ಯಾರ ಮನೇಲಿರುತ್ತೋ?"

ಉತ್ತರ ಪುಸ್ತಕದಲ್ಲಿತ್ತು. ತಾಯಿಕೋಶ ಆಮೇಲೆ ಎಲ್ಲೂ ಇರುವುದಿಲ್ಲ. ಅದೇ ಎರಡು ಮರಿಕೋಶಗಳಾಗಿಬಿಟ್ಟಿರುತ್ತದೆ. ಇದನ್ನು ಹೆತ್ತವಳ ಮುಂದೆ ಬಾಯಿಬಿಟ್ಟು ಹೇಳುವಷ್ಟು ವಿಜ್ಞಾನನಿಷ್ಠೆ ನನಗಿಲ್ಲ.

"ಆರಾರು ತಿಂಗಳು, ಅಮ್ಮ" ಎಂದೆ.

ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ಠಣ್ಣೆಂದು ಬಿತ್ತು. ಅಮ್ಮ ಗೋಡೆಯಾಚೆಗೂ ಕೇಳಿಸುವ ದನಿಯಲ್ಲಿ, "ಮೊದಲ ಆರು ತಿಂಗಳು ಯಾರದ್ದು?" ಎಂದಳು. ಆಚೆ ಮನೆಯ ಟಿವಿ ಥಟ್ಟನೆ ಜೋರಾಯಿತು.

ಮಗಳು ಪುಸ್ತಕ ಮಡಚಿ ಎದ್ದಳು. "ಮಿಯಾಸಿಸ್ ನಾನೇ ಓದ್ಕೋತೀನಪ್ಪ. ಅದರಲ್ಲಿ ನಾಲ್ಕು ಪಾಲು."