ತೇರಿನ ಗಾಲಿ, ಕುರ್ಚಿಯ ಗಾಲಿ: ಉತ್ಸವ ಸಮಿತಿಗೊಂದು ಕೈಪಿಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಉತ್ಸವ, ಜಾತ್ರೆ, ಜಯಂತಿ, ಸತ್ಕಾರ ಸಮಾರಂಭ ಮಾಡುವವರಿಗಾಗಿ ಈ ಕೈಪಿಡಿ. ಇಲ್ಲಿ ಹೇಳಿದಂತೆ ತಪ್ಪದೆ ನಡೆದುಕೊಂಡರೆ ನಿಮ್ಮ ಕಾರ್ಯಕ್ರಮಕ್ಕೆ ಒಬ್ಬ ವಿಕಲಚೇತನರೂ ಬರುವುದಿಲ್ಲ. ಬಂದರೂ ಮುಂದಿನ ವರ್ಷ ಬರುವುದಿಲ್ಲ.

ಬೇಕಾಗುವ ಸಾಮಾನು: ನಾಲ್ಕು ಅಡಿ ಎತ್ತರದ ವೇದಿಕೆ, ಹಿಡಿದುಕೊಳ್ಳಲು ಏನೂ ಇಲ್ಲದ ಮೆಟ್ಟಿಲು, ಡಾಲ್ಬಿ, ಶಾಲು, ಹಾರ, ಎತ್ತಿ ಹಾಕಲು ನಾಲ್ಕು ಮಂದಿ ಗಟ್ಟಿ ಹುಡುಗರು.

ಹಂತ 1: ಜಾಗ

ಕೋಟೆಯಾದರೆ ಉತ್ತಮ. ಕೋಟೆ ಕಟ್ಟುವುದೇ ಬಂದವರು ಸಲೀಸಾಗಿ ಒಳಗೆ ಬರಬಾರದೆಂದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಇದನ್ನು ಪ್ರಾಣ ಕೊಟ್ಟು ತಿಳಿದುಕೊಂಡ. ಇನ್ನೂರು ವರ್ಷ ದಾಟಿದರೂ ಹೊಸ್ತಿಲು, ಹಾಸುಗಲ್ಲು, ಬಿದ್ದ ಗೋಡೆಯ ಬುನಾದಿ ತಮ್ಮ ಕೆಲಸ ಬಿಟ್ಟಿಲ್ಲ. ರಾಣಿ ಚನ್ನಮ್ಮ ತಡೆದದ್ದು ಕಂಪನಿಯವರನ್ನು. ಈಗ ತಡೆಯುತ್ತಿರುವುದು ಯಾರನ್ನು ಎಂದು ಕೇಳುವವರನ್ನು ವೇದಿಕೆಯಿಂದ ದೂರ ಇಡಿ.

ಕೋಟೆ ಸಿಗದಿದ್ದರೆ ಎರಿ ಮಣ್ಣಿನ ಮೈದಾನ ಹಿಡಿಯಿರಿ. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ 25. ಹಿಂಗಾರಿ ಮಳೆಯ ಹೊತ್ತು. ಒಂದು ಮಳೆ ಬಿದ್ದರೆ ಸಾಕು, ಗಾಲಿಕುರ್ಚಿಯ ಗಾಲಿ ರೊಟ್ಟಿ ಹಿಟ್ಟು ಮೆತ್ತಿದಂತಾಗಿ ನಿಲ್ಲುತ್ತದೆ, ಊರುಗೋಲು ಗೇಣುದ್ದ ಇಳಿಯುತ್ತದೆ. ಚಾಪೆ, ಹಲಗೆ ಹಾಸಿ ಒಂದು ದಾರಿ ಮಾಡಬಹುದಲ್ಲ ಎಂದು ಯಾರಾದರೂ ಅಂದರೆ, ಬಜೆಟ್ ಮುಗಿದಿದೆ ಎನ್ನಿ.

ಗುಡ್ಡಕ್ಕೆ ಬೇರೆ ಉಪಾಯವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲಿಗೇ ಜಾಗವಿಲ್ಲ, ಗಾಲಿಗೆಲ್ಲಿಂದ ತರೋದು ಎನ್ನಿ, ಎದುರಿನವರು ಸುಮ್ಮನಾಗುತ್ತಾರೆ. ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ನಕ್ಷೆ ಬರೆಯುವಾಗ ಇಳಿಜಾರಿನ ಮಾತೆತ್ತಬೇಡಿ. ಎಲ್ಲ ಕಟ್ಟಿ, ಜಾರುವ ಗ್ರಾನೈಟ್ ಹಾಸಿ, ಉದ್ಘಾಟನೆಯ ಹಿಂದಿನ ದಿನ ನೆನಪಿಸಿಕೊಳ್ಳಿ.

ಹಂತ 2: ವೇದಿಕೆ

ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ನಾಲ್ಕು ಅಡಿ ವೇದಿಕೆಗೆ 48 ಅಡಿ. ಈ ಲೆಕ್ಕ ಪೆಂಡಾಲಿನವರ ಕಿವಿಗೆ ಬೀಳದಿರಲಿ. ಹಾಗಾದರೆ ವೇದಿಕೆಯನ್ನೇ ಒಂದೂವರೆ ಅಡಿಗೆ ಇಳಿಸೋಣ, 18 ಅಡಿ ಸಾಕು ಎಂದುಬಿಟ್ಟಾರು. ಬದಲಿಗೆ ಆರಡಿ ಹಲಗೆ ಆನಿಸಿ, ಮೇಲೆ ಕೆಂಪು ಜಮಖಾನ ಹಾಸಿ, ಫೋಟೊ ತೆಗೆಸಿ. ಏರುವವರು ಹಿಂದಕ್ಕೆ ಜಾರಿದರೆ ‘ಏ, ಹಿಡಿರ್ಯೋ!’ ಎನ್ನಲು ನಾಲ್ಕು ಹುಡುಗರಿದ್ದೇ ಇದ್ದಾರೆ.

ಎತ್ತುವ ಮುಂಚೆ ಕೇಳಬಾರದು. ‘ನಾ ಏನ್ ಜ್ವಾಳದ ಚೀಲ ಅಲ್ರಿ, ಕೇಳಿ ಎತ್ರಿ’ ಎಂದು ಯಾರಾದರೂ ಸಿಟ್ಟಾದರೆ, ‘ಇರ್ಲಿ ಬಿಡವಾ, ನಾವೂ ನಿಮ್ಮ ಮನಿ ಮಕ್ಕಳಾ’ ಎಂದು ಇನ್ನಷ್ಟು ಎತ್ತರಕ್ಕೆ ಎತ್ತಿ.

ಹಂತ 3: ಆಮಂತ್ರಣ

ಅತಿಥಿಗಳೆಲ್ಲರ ಹೆಸರು, ಎಲ್ಲರ ಭಾವಚಿತ್ರ ತುಂಬಿದ ಪತ್ರಿಕೆಯನ್ನು ಚಿತ್ರವಾಗಿ ವಾಟ್ಸಾಪಿಗೆ ಬಿಡಿ. ಕಣ್ಣು ಕಾಣದವರ ಮೊಬೈಲ್ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರ ಬಂದರೆ ‘ಫೋಟೊ’ ಎಂದು ಸುಮ್ಮನಾಗುತ್ತದೆ. ಎಲ್ಲಿ, ಯಾವಾಗ, ಶೌಚಾಲಯ ಯಾವ ಕಡೆ ಎಂದು ನಾಲ್ಕು ಸಾಲು ಟೈಪ್ ಮಾಡಿದರೆ ಅವರು ಬಂದೇಬಿಡುತ್ತಾರೆ. ಆದ್ದರಿಂದ ಟೈಪ್ ಮಾಡಬೇಡಿ.

ಹಂತ 4: ಸದ್ದು, ಬೆಳಕು, ಶೌಚ

ವಿಕಲಚೇತನರೆಂದರೆ ಗಾಲಿಕುರ್ಚಿಯವರು ಮಾತ್ರ ಎಂದು ತಿಳಿಯಿರಿ. 1995ರ ಕಾನೂನು ಏಳು ಬಗೆ ಹೇಳಿತ್ತು, 2016ರದ್ದು ಇಪ್ಪತ್ತೊಂದು ಹೇಳುತ್ತದೆ. ಅಷ್ಟೆಲ್ಲ ಓದುತ್ತಾ ಕೂತರೆ ಹಾರ ತರುವವರ‍್ಯಾರು? ಕಿವಿ ಕೇಳದವರಿಗಾಗಿ ಸನ್ನೆಭಾಷೆಯವರನ್ನು ಕರೆಸಲೇಬೇಕಾಗಿ ಬಂದರೆ, ಬೆಳಕು ಬೀಳದ ಮೂಲೆಯಲ್ಲಿ ನಿಲ್ಲಿಸಿ. ಸದ್ದಿಗೆ ಬೆದರುವ ಆಟಿಸಂ ಮಕ್ಕಳಿಗೆಂದು ಶಾಂತವಾದ ಒಂದು ಕೋಣೆ ಇಡುವ ಬದಲು ಡಾಲ್ಬಿ ಏರಿಸಿ. ಸಂಚಾರಿ ಶೌಚಾಲಯಕ್ಕೆ ಮೂರು ಮೆಟ್ಟಿಲು ಇದ್ದೇ ಇರುತ್ತವೆ. ಅಲ್ಲಿ ನಿಮ್ಮ ಶ್ರಮ ಬೇಡ.

ಹಂತ 5: ಗೌರವ

ಭಾಷಣದಲ್ಲಿ ಗದಗಿನ ಪುಟ್ಟರಾಜ ಗವಾಯಿಗಳನ್ನು ನೆನೆಯಿರಿ. ಕಣ್ಣಿಲ್ಲದಿದ್ದರೂ ನಾಡಿಗೆ ಹಾಡು ಕಲಿಸಿದರು, 2010ರಲ್ಲಿ ಪದ್ಮಭೂಷಣ ಬಂತು ಎಂದು ಗದ್ಗದಿತರಾಗಿ. ಅದೇ ಹೊತ್ತಿಗೆ, ಹಾಡು ಕೇಳಲು ಬಂದ ಅಂಧರು ಜನರೇಟರ್ ಪಕ್ಕ ಕೂತಿರುವಂತೆ ನೋಡಿಕೊಳ್ಳಿ.

ಆಗಾಗ ಕೇಳುವ ಪ್ರಶ್ನೆಗಳು

‘ಅಂಥಾವ್ರು ಎಲ್ಲಿ ಬರ್ತಾರ್ರಿ?’
2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಮಂದಿ. ಬರುವುದಿಲ್ಲವೆಂದು ದಾರಿ ಮಾಡಬೇಡಿ; ದಾರಿಯಿಲ್ಲವೆಂದು ಅವರು ಬರುವುದಿಲ್ಲ. ಇಬ್ಬರ ಮಾತೂ ಉಳಿಯುತ್ತದೆ.

‘ಏನು ಬೇಕಂತ ಯಾರನ್ನ ಕೇಳೂದು?’
ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಿನಲ್ಲಿ ಯಾರಿಗೆ ಏನು ತೊಂದರೆ ಎಂದು ಮನೆ ಮನೆ ಬಲ್ಲವರು, ತಾವೂ ವಿಕಲಚೇತನರೇ. ಕೇಳಿದರೆ ಅರ್ಧ ಗಂಟೆಯಲ್ಲಿ ಪಟ್ಟಿ ಕೊಟ್ಟುಬಿಡುತ್ತಾರೆ, ಎಚ್ಚರಿಕೆ.

‘ಕಾನೂನು ಅಡ್ಡ ಬರೂದಿಲ್ಲೇನ್ರಿ?’
ವಿಕಲಚೇತನರಿಗೆ ದಾರಿ ಮಾಡಿಕೊಡುವ ಮಾರ್ಗಸೂಚಿಗಳು ಬರೀ ಶಿಫಾರಸಾಗಿ ಉಳಿದರೆ ಸಾಲದು, ಕಡ್ಡಾಯವಾದ ನಿಯಮ ಬೇಕೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದೆ. ಈ ಪುಟವನ್ನು ಹರಿದು ಹಾಕಿ.

ದುರಸ್ತಿ ವಿಭಾಗ

ಇಷ್ಟು ಓದಿಯೂ ನಿಮ್ಮ ಸಮಿತಿಯಲ್ಲೊಬ್ಬರಿಗೆ ಕಸಿವಿಸಿಯಾದರೆ, ಹೊಸ ಪುಸ್ತಕ ತರಿಸುವ ಅಗತ್ಯವಿಲ್ಲ. ಎತ್ತನ್ನು ಟೆಂಪೊ ಹತ್ತಿಸಲು ಮಣ್ಣಿನ ದಿಬ್ಬ ಮಾಡುವುದು ನಮ್ಮ ರೈತರಿಗೆ ಗೊತ್ತು. ಅದರ ಕಾಲು ಜಾರಬಾರದೆಂದು ಹುಲ್ಲು ಹರವುವುದೂ ಗೊತ್ತು. ಇನ್ನು ತೇರು. ತೇರು ಹೊರಡುವ ಒಂದು ವಾರ ಮುಂಚೆ ಊರು ಹೇಗಿರುತ್ತದೆ? ದಾರಿಯ ಗುಂಡಿಗೆ ಗರಸು ಬೀಳುತ್ತದೆ. ಅಂಗಡಿಯವರು ಚಪ್ಪರ ಹಿಂದಕ್ಕೆ ಸರಿಸುತ್ತಾರೆ. ಲೈನ್‌ಮನ್ ತಂತಿ ಬಿಚ್ಚುತ್ತಾನೆ. ಗಾಲಿಯ ಪಕ್ಕ ಮರದ ತುಂಡು ಹಿಡಿದು, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂದು ಬಲ್ಲ ಹಿರಿಯರು ನಡೆಯುತ್ತಾರೆ. ಒಂದು ದಿನ ಉರುಳುವ ಗಾಲಿಗೆ ಇಡೀ ಊರು ಬಾಗಿ ದಾರಿ ಬಿಡುತ್ತದೆ; ಖರ್ಚೆಷ್ಟಾಯಿತೆಂದು ಯಾರೂ ಮುಖ ಸಿಂಡರಿಸುವುದಿಲ್ಲ.

ಆದ್ದರಿಂದ ಮುಂದಿನ ಸಭೆಗೆ ತೇರಿನ ಸಿದ್ಧತೆಯ ಪಟ್ಟಿಯನ್ನೇ ತನ್ನಿ. ಗೊಡಚಿ ಜಾತ್ರೆಯಲ್ಲಿ ಬಾರಿಹಣ್ಣಿನ ಗುಡ್ಡೆಗಳ ನಡುವೆ ಇರಲಿ, ಕಿತ್ತೂರಿನ ಪೆಂಡಾಲಿನಲ್ಲಿರಲಿ, ‘ತೇರು’ ಎಂದಿದ್ದಲ್ಲೆಲ್ಲ ‘ಗಾಲಿಕುರ್ಚಿ’ ಎಂದು ಓದಿಕೊಂಡು ಕೆಲಸ ಹಂಚಿ. ವ್ಯತ್ಯಾಸ ಒಂದೇ: ಮಿಣಿಗೆ ಕೈ ಹಾಕುವ ಮುಂಚೆ, ಮೇಲೆ ಕೂತವರನ್ನು ಒಂದು ಮಾತು ಕೇಳಬೇಕು.